ಲೈಪ್‌ಜಿಗ್‌ನ ಹೆಂಗಸು, ಜೋಹರಕ್ಕನ ಡಬ್ಬಿ

ಕಳೆದ ಶುಕ್ರವಾರ ನಾನು ಜರ್ಮನಿಯ ಲೈಪ್‌ಜಿಗ್ ಪಟ್ಟಣ ಸುತ್ತಿ, ಅಲ್ಲಿಯ ತಿಂಡಿಗಳ ಪರಿಚಯ ಮಾಡಿಕೊಂಡು ಬಂದೆ. ನಡೆದದ್ದು ಮಾತ್ರ ದುಬೈಯ ಅಲ್ ಕುಸೈಸ್‌ನಲ್ಲಿ.

ನಗಬೇಡಿ. ನನಗಂತೂ ಈಗ ನಗು ಬರುತ್ತಿಲ್ಲ.

ಮಗಳ ಚಳಿಗಾಲದ ರಜೆಗೆ ಜರ್ಮನಿ ಎಂದು ನಿಶ್ಚಯವಾಗಿತ್ತು. ವಿಮಾನದ ಟಿಕೆಟಿಗಿಂತ ಮೊದಲು ನಾನು ತೆಗೆದುಕೊಂಡದ್ದು ಒಂದು ಫುಡ್ ವಾಕ್. (ಹೊಟ್ಟೆಯೇ ಮೊದಲು, ನನ್ನನ್ನು ನೀವು ಬಲ್ಲಿರಿ.) ಗೈಡ್ ಇಲ್ಲ. ಫೋನಿಗೆ ಒಂದು ಆಡಿಯೋ ಬರುತ್ತದೆ. ಇಯರ್‌ಫೋನ್ ಹಾಕಿಕೊಂಡರೆ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಹೇಳುತ್ತ ಹೋಗುತ್ತಾಳೆ: ಇಷ್ಟು ಹೆಜ್ಜೆ ನಡೆಯಿರಿ, ಎಡಕ್ಕೆ ತಿರುಗಿ, ನಿಲ್ಲಿ, ಇದನ್ನು ತಿನ್ನಿ. ಅಷ್ಟೆ. ಆದರೆ ವೀಸಾ ಆಗಲಿಲ್ಲ. ನಾವೇ ಒಂದು ಕಾಗದ ಕೊಡಲು ಮರೆತಿದ್ದೆವು. ರಜೆ ಮುಗಿಯಿತು, ಆಡಿಯೋ ಫೋನಿನಲ್ಲಿ ಉಳಿಯಿತು.

"ಹೋದದ್ದು ಹೋಯ್ತು ಮಾರಾಯ್ತಿ. ಬೇಕಾದ್ರೆ ಕುಸೈಸಲ್ಲೇ ನಡಿ. ನೀನು ಎಲ್ಲಿದ್ದಿ ಅಂತ ಅವಳಿಗೆ ಗೊತ್ತಾಗ್ತದಾ?" ಎಂದರು ನಮ್ಮವರು. ತಮಾಷೆಗೆ.

ನನಗೆ ಹಠ ಬಂತು. ಹೊರಡುವ ಮೊದಲು ನೀರಿನ ಬಾಟಲಿಗೆಂದು ಅಡುಗೆಮನೆಯ ಮೇಲಿನ ಕಪಾಟು ತೆರೆದೆ. ಜೋಹರಕ್ಕನ ಡಬ್ಬಿ ಕಂಡಿತು. ತಟ್ಟನೆ ಕಪಾಟು ಮುಚ್ಚಿದೆ.

ಆ ಡಬ್ಬಿಯ ವಿಷಯ ಹೇಳಲೇಬೇಕು. ಜೋಹರಕ್ಕ ಉಳ್ಳಾಲದ ಬ್ಯಾರಿ ಹೆಂಗಸು. ಹಿಂದಿನ ರಸ್ತೆಯ ಕಟ್ಟಡದಲ್ಲಿ ಗಂಡನ ಜೊತೆ ಇದ್ದವರು. ಎಂಟು ವರ್ಷದಿಂದ ನಮ್ಮದು ಡಬ್ಬಿಯ ಸ್ನೇಹ. ಅಲ್ಲಿಂದ ಹಬ್ಬದ ಬಿರಿಯಾನಿ, ಇಲ್ಲಿಂದ ಪತ್ರೊಡೆ. ನಮ್ಮ ಕಡೆಯ ಕ್ರಮ ನಿಮಗೆ ಗೊತ್ತೇ ಇದೆ, ಬಂದ ಪಾತ್ರೆ ಖಾಲಿಯಾಗಿ ಹಿಂದೆ ಹೋಗುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು.

ನಾಲ್ಕು ತಿಂಗಳ ಹಿಂದೆ ಅವರ ಗಂಡನ ಕೆಲಸ ಹೋಯಿತು. ನಾನು ವಾಟ್ಸಾಪಿನಲ್ಲಿ ಎರಡು ಕೈ ಮುಗಿದ ಚಿತ್ರ ಕಳಿಸಿದೆ. ಎದುರು ಕೂತು ಏನೆಂದು ಮಾತಾಡುವುದು? ನಾಳೆ ಏನಾದರೂ ಸಿಹಿ ಮಾಡಿ, ನನ್ನಲ್ಲಿ ಉಳಿದಿದ್ದ ಅವರ ಡಬ್ಬಿ ತುಂಬಿಸಿಕೊಂಡು ಹೋಗೋಣ ಅಂದುಕೊಂಡೆ. ಆ ನಾಳೆ ಬರಲೇ ಇಲ್ಲ. ಅವರು ಎರಡು ಸಲ ಫೋನ್ ಮಾಡಿದರು. ಎತ್ತಲಿಲ್ಲ. ಆಮೇಲೆ ಅವರ ಕಟ್ಟಡ ತಪ್ಪಿಸಲು ಸುತ್ತು ಬಳಸಿ ಸೂಪರ್ ಮಾರ್ಕೆಟ್ಟಿಗೆ ಹೋಗತೊಡಗಿದೆ. ಬರೆಯಲಿಕ್ಕೂ ನಾಚಿಕೆಯಾಗುತ್ತದೆ.

ಇರಲಿ. ನಾನು ಬೀದಿಗಿಳಿದಾಗ ಜುಮಾ ಪ್ರಾರ್ಥನೆಯ ಹೊತ್ತು. ಅಂಗಡಿಗಳ ಶಟರ್ ಇಳಿದಿತ್ತು. ಮಸೀದಿಯ ಸುತ್ತ ಕಾರುಗಳು ಅಡ್ಡಾದಿಡ್ಡಿ ನಿಂತಿದ್ದವು, ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅಷ್ಟು ಬೆಳಕಿನಲ್ಲಿ ಅಷ್ಟು ಖಾಲಿ ರಸ್ತೆ ನೋಡುವುದು ಒಳ್ಳೆಯದಲ್ಲ.

"ನೂರು ಹೆಜ್ಜೆ ನಡೆಯಿರಿ. ಎದುರಿಗೆ ಕಾಫಿ ಮನೆ ಕಾಣುತ್ತದೆ," ಎಂದಳು ಲೈಪ್‌ಜಿಗ್‌ನ ಹೆಂಗಸು. ನೂರು ಎಣಿಸಿ ತಲೆ ಎತ್ತಿದೆ. ನಮ್ಮ ಮೂಲೆಯ ಕೆಫೆಟೇರಿಯ! ಬೋರ್ಡಿನಲ್ಲಿ ಹೊಗೆಯಾಡುವ ದೊಡ್ಡ ಕಾಫಿ ಕಪ್ಪಿನ ಚಿತ್ರ. ಒಬ್ಬಳೇ ನಕ್ಕೆ.

"ಬಲಕ್ಕೆ ತಿರುಗಿ. ರೊಟ್ಟಿ ಸುಡುವ ವಾಸನೆ ಬರುತ್ತಿದೆಯೇ?"

ಬರುತ್ತಿತ್ತು. ಅಫ್ಘಾನಿ ರೊಟ್ಟಿ ಅಂಗಡಿಯದು. ಶಟರ್ ಹಾಕಿದೆ, ಒಳಗೆ ಯಾರೂ ಇಲ್ಲ, ವಾಸನೆ ಮಾತ್ರ ಇದೆ. ಈ ಸಲ ಅಷ್ಟೇನೂ ನಗಲಿಲ್ಲ.

ಅಲ್ಲಿ ನಿಲ್ಲಿಸಿ ಅವಳು ಒಂದು ತಿಂಡಿಯ ವಿಷಯ ಹೇಳಿದಳು. ಹಿಂದೆ ಆ ಊರಿನವರು ಲಾರ್ಕ್ ಎಂಬ ಪುಟ್ಟ ಹಾಡುಹಕ್ಕಿಯನ್ನು ಹಿಡಿದು, ಹೊಟ್ಟೆಗೆ ಮಸಾಲೆ ತುಂಬಿ, ದಾರ ಕಟ್ಟಿ ಬೇಯಿಸಿ ತಿನ್ನುತ್ತಿದ್ದರಂತೆ. ಬೇಟೆ ನಿಷೇಧವಾದ ಮೇಲೆ ಬೇಕರಿಯವರು ಬಾದಾಮಿ ತುಂಬಿದ ಸಿಹಿ ಮಾಡಿ ಅದಕ್ಕೆ ಹಕ್ಕಿಯ ಹೆಸರೇ ಇಟ್ಟರು. ಮೇಲೆ ಹಿಟ್ಟಿನ ಎರಡು ಎಳೆ ಅಡ್ಡಡ್ಡ, ದಾರದ ನೆನಪಿಗೆ. "ಹಕ್ಕಿ ಹೋಯಿತು. ಕಟ್ಟಿದ ದಾರ ಉಳಿಯಿತು," ಎಂದಳು. ತಿಂಡಿಯ ವಿಷಯ ಹೇಳುವ ದನಿಯೇ ಅದು? ಜನವರಿಯ ಮಧ್ಯಾಹ್ನದ ಬಿಸಿಲಿನಲ್ಲೂ ನನ್ನ ಕತ್ತಿನ ಹಿಂದೆ ತಣ್ಣಗಾಯಿತು.

"ಎಡಕ್ಕೆ ತಿರುಗಿ. ಇನ್ನೂರು ಹೆಜ್ಜೆ."

ಎಡಕ್ಕಿದ್ದದ್ದು ಜೋಹರಕ್ಕನ ರಸ್ತೆ. ನಿಂತೆ.

"ನಿಲ್ಲಬೇಡಿ. ಹತ್ತಿರವೇ ಇದೆ," ಎಂದಳು.

(ರೆಕಾರ್ಡಿಂಗ್ ಕಣೇ, ರೆಕಾರ್ಡಿಂಗ್! ಅಲ್ಲಿ ಎಲ್ಲರೂ ಫೋಟೋ ತೆಗೆಯಲು ನಿಲ್ಲುತ್ತಾರೇನೋ. ಹೀಗೆ ನನಗೆ ನಾನೇ ಹೇಳಿಕೊಂಡೆ.) ಹಿಂದೆ ತಿರುಗಬಹುದಿತ್ತು. ತಿರುಗಲಿಲ್ಲ. ಎಣಿಸುತ್ತ ನಡೆದೆ. ಇನ್ನೂರನೆಯ ಹೆಜ್ಜೆಗೆ ನಾನು ನಿಂತದ್ದು ಅವರ ಕಟ್ಟಡದ ಗಾಜಿನ ಬಾಗಿಲಿನ ಎದುರು.

"ಬಾಗಿಲು ಮುಚ್ಚಿರಬಹುದು. ಕಾಯಿರಿ. ಕಾವಲಿನವನು ಬರುತ್ತಾನೆ."

ಬಾಗಿಲು ಮುಚ್ಚಿತ್ತು. ಮೂರನೆಯ ಮಹಡಿಯ ಅವರ ಮನೆಯ ಕಡೆ ನೋಡಿದೆ. ಕಿಟಕಿಗೆ ಪರದೆ ಇಲ್ಲ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಇಲ್ಲ.

ಹಿಂದೆ ಚಪ್ಪಲಿ ಸದ್ದು. ಇಯರ್‌ಫೋನ್ ಕಿತ್ತೆ. ಕಟ್ಟಡದ ನಾತೂರ್, ಅಂದರೆ ವಾಚ್‌ಮನ್, ತಲೆಗೆ ಟೋಪಿ ಹಾಕಿ, ಹೆಗಲಿಗೆ ಚಾಪೆ ಹಾಕಿಕೊಂಡು ಪ್ರಾರ್ಥನೆ ಮುಗಿಸಿ ಬರುತ್ತಿದ್ದ. ಹೊಸಬ, ನಾನು ಕಂಡವನಲ್ಲ.

"ಆಪ್ ಶೋಭಾ ಮೇಡಂ?"

"ನಿಮಗೆ ಹೇಗೆ ಗೊತ್ತು?" ಎಂದು ಹಿಂದಿಯಲ್ಲೇ ಕೇಳಿದೆ.

"ಜೋಹರಾ ಬಾಜಿ ಬೋಲಾ ಥಾ. ಕನ್ನಡಕದ ಮೇಡಂ ಒಂದು ದಿನ ಬರ್ತಾರೆ, ಇಲ್ಲೇ ನಿಂತು ಮೇಲೆ ನೋಡ್ತಾರೆ ಅಂತ. ವೋ ಲೋಗ್ ಸೋಮವಾರ ಗಯಾ ಮೇಡಂ. ವೀಸಾ ಕ್ಯಾನ್ಸಲ್. ಖಲಾಸ್."

ಅವನು ತನ್ನ ಕೋಣೆಗೆ ಹೋಗಿ ಒಂದು ಸ್ಟೀಲ್ ಡಬ್ಬಿ ತಂದುಕೊಟ್ಟ. ನನ್ನದೇ ಡಬ್ಬಿ, ಪತ್ರೊಡೆ ಕಳಿಸಿದ್ದು. ಭಾರವಿತ್ತು. ಮುಚ್ಚಳ ತೆರೆದೆ. ಕಂಠಮಟ್ಟ ಲಿಂಬೆ ಉಪ್ಪಿನಕಾಯಿ.

ಮನೆ ಖಾಲಿ ಮಾಡುವ ಗಡಿಬಿಡಿಯಲ್ಲೂ ಅವರು ಡಬ್ಬಿ ಖಾಲಿ ಬಿಟ್ಟಿರಲಿಲ್ಲ. ಅಲ್ಲೇ ಬಾಗಿಲ ಮುಂದೆ ಅಳು ಬಂತು. ನಾತೂರ್ ಬೇರೆ ಕಡೆ ನೋಡಿದ. ಕೈಯಲ್ಲಿದ್ದ ಇಯರ್‌ಫೋನಿನಲ್ಲಿ ಅವಳಿನ್ನೂ ಗುಣುಗುಣು ಅನ್ನುತ್ತಿದ್ದಳು. ಕಿವಿಗೆ ಹಿಡಿದೆ. "ನಮ್ಮ ನಡಿಗೆ ಇಲ್ಲಿಗೆ ಮುಗಿಯಿತು. ಈ ಬಾಗಿಲಿನಿಂದ ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ."

ಸಂಜೆ ನಮ್ಮವರನ್ನು ಕೂರಿಸಿ ಇಡೀ ಆಡಿಯೋ ಕೇಳಿಸಿದೆ. ಅದೇ ಮಾತು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. "ಕಾಫಿ, ರೊಟ್ಟಿ, ಮುಚ್ಚಿದ ಬಾಗಿಲು ಯಾವ ಊರಲ್ಲಿಲ್ಲ? ಸುಮ್ಮನೆ ಹೆದರ್ತೀಯಲ್ಲ!" ಎಂದರು. ಸರಿಯೇ. ಹಾಗಾದರೆ ಇನ್ನೂರು ಹೆಜ್ಜೆ? ಉಪ್ಪಿನಕಾಯಿಯನ್ನು ಇವತ್ತಿನವರೆಗೂ ಅವರು ಮುಟ್ಟಿಲ್ಲ.

ಜೋಹರಕ್ಕನ ದುಬೈ ನಂಬರ್ ಬಂದ್ ಆಗಿದೆ. ಉಳ್ಳಾಲದ ನಂಬರನ್ನು ಎಂಟು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿಟ್ಟುಕೊಂಡಿರಲಿಲ್ಲ. ಅವರ ಡಬ್ಬಿಯನ್ನು ಕಪಾಟಿನಿಂದ ಇಳಿಸಿ ಅಡುಗೆಕಟ್ಟೆಯ ಮೇಲಿಟ್ಟಿದ್ದೇನೆ. ಬರಿದಾಗಿಯೇ ಇದೆ. ಏನು ತುಂಬಿಸಲಿ, ಎಲ್ಲಿಗೆ ಕಳಿಸಲಿ?

ಒಮ್ಮೆ ಎದ್ದು ನೋಡಿ, ನಿಮ್ಮ ಕಪಾಟಿನಲ್ಲಿ ಖಾಲಿ ಕೂತಿರುವ ಡಬ್ಬಿ ಯಾರದ್ದು?