ಕದ್ವಾಡದಲ್ಲಿ ಪೇಜು ಮಾಡುವವನು

ಕಾರವಾರದ ಪಕ್ಕದ ಕದ್ವಾಡಕ್ಕೆ ಬಂದ ಮೊದಲ ವಾರವೇ ನಾನು ಗಂಜಿ ಬೇಯಿಸುವವನೆಂದು ಕೇರಿಯಲ್ಲೆಲ್ಲ ಸುದ್ದಿಯಾಗಿತ್ತು. ಮನೆಯೊಡತಿ ಶಾಂತಾಬಾಯಿ ಏನು ಕೆಲಸ ಎಂದು ಕೇಳಿದಾಗ, ‘ಕಂಪ್ಯೂಟರಿನಾಗ ಪೇಜು ಮಾಡ್ತೀನ್ರಿ’ ಎಂದಿದ್ದೆ. ಅವರ ಮನೆಮಾತು ಕೊಂಕಣಿ. ಅದರಲ್ಲಿ ಪೇಜ ಎಂದರೆ ಕುಚ್ಚಲಕ್ಕಿಯ ಗಂಜಿ. ಹೆಂಡತಿ ಆಸ್ಪತ್ರೆಗೆ ಹೋಗುತ್ತಾಳೆ, ಗಂಡ ಮನೆಯಲ್ಲಿ ಪೇಜ ಮಾಡುತ್ತಾನೆ ಎಂದು ಅವರು ನೆರೆಯವರಿಗೆ ಸಹಜವಾಗಿಯೇ ಹೇಳಿದ್ದರು. ನಾನು ತಿದ್ದಲಿಲ್ಲ. ತಿದ್ದಿದ್ದರೆ, ವೆಬ್‌ಸೈಟಿನ ಪುಟಗಳನ್ನು ಈಗ ಯಾರಿಗೆ ಮಾಡಿಕೊಡುತ್ತೀರಿ ಎಂಬ ಪ್ರಶ್ನೆ ಬರುತ್ತಿತ್ತು. ಯಾರಿಗೂ ಮಾಡಿಕೊಡುತ್ತಿರಲಿಲ್ಲ.

ನಮ್ಮ ವಿಜಯಪುರದಲ್ಲಿ ನಾನು ಈ ಕೆಲಸ ಹಿಡಿದಾಗ ಅಂಗಡಿಯ ಹೆಸರು ಇಂಟರ್ನೆಟ್ಟಿನಲ್ಲಿ ಕಂಡರೆ ಸಾಕಿತ್ತು, ಮಾಲೀಕರು ಪೇಢೆ ಹಂಚುತ್ತಿದ್ದರು. ಆಮೇಲೆ ಪುಟ ಮೊಬೈಲಿಗೆ ಹೊಂದಬೇಕೆಂದರು, ಕಲಿತೆ. ಮುಟ್ಟುವುದರೊಳಗೆ ತೆರೆದುಕೊಳ್ಳಬೇಕೆಂದರು, ಅದನ್ನೂ ಕಲಿತೆ. ಕೊನೆಗೆ ಕಂಪನಿಯವರು, ಕೋಡನ್ನು ಎಐ ಬರೆಯಲಿ, ನೀವು ಮೇಲುಸ್ತುವಾರಿ ನೋಡಿ, ನಾಲ್ಕು ಮಂದಿಯ ಕೆಲಸ ಒಬ್ಬರೇ ಮುಗಿಸಿ ಎಂದರು. ನಾನು ಅದು ಬರೆದದ್ದನ್ನು ಅಳಿಸಿ ಮತ್ತೆ ಕೈಯಾರೆ ಬರೆಯುತ್ತ ಕೂತೆ. ಅವರು ನನ್ನನ್ನು ಬಹಳ ದಿನ ಇಟ್ಟುಕೊಳ್ಳಲಿಲ್ಲ. ಅದೇ ಹೊತ್ತಿಗೆ ನರ್ಸ್ ಆಗಿರುವ ಹೆಂಡತಿ ರೇಖಾಗೆ ಕಾರವಾರಕ್ಕೆ ವರ್ಗವಾಯಿತು. ಆಕೆಯ ಸಲುವಾಗಿ ಹೊರಟೆ ಎಂದು ಊರಲ್ಲಿ ಹೇಳಿಕೊಂಡೆ. ರೇಖಾ ಅದನ್ನು ಕೇಳಿಸಿಕೊಂಡೇ ಸಾಮಾನು ಕಟ್ಟುತ್ತಿದ್ದಳು.

ವಿಜಯಪುರದಲ್ಲಿ ಒಗೆದ ಬಟ್ಟೆ ಹಗ್ಗಕ್ಕೆ ಹಾಕುವಷ್ಟರಲ್ಲಿ ಒಣಗುತ್ತದೆ. ಇಲ್ಲಿ ಮೈಮೇಲಿನ ಅಂಗಿಯೂ ಒಣಗದು. ಅಲ್ಲಿಂದ ತಂದ ಖಡಕ್ ರೊಟ್ಟಿ ಇಲ್ಲಿ ಎರಡೇ ದಿನಕ್ಕೆ ಮೆತ್ತಗಾಯಿತು. ಮೀನಿನ ವಾಸನೆಗೆ ಮೊದಮೊದಲು ಕಿಟಕಿ ಮುಚ್ಚುತ್ತಿದ್ದೆ. ಶಾಂತಾಬಾಯಿಗೆ ಅದು ಗೊತ್ತಾಗಿ, ಮೀನು ಹುರಿಯುವ ಒಲೆಯನ್ನೇ ಹಿತ್ತಲಿನ ಆಚೆಗೆ ಒಯ್ದರು. ಅಂದಿನಿಂದ ಕಿಟಕಿ ಮುಚ್ಚಲಿಲ್ಲ.

ಅವರ ಮಗಳು ಸುಮನಾಳನ್ನು ಅಂಕೋಲಾದ ಶೆಟಗೇರಿಗೆ ಕೊಟ್ಟಿದ್ದಾರೆ. ಅಲ್ಲಿ ಅವರದು ಕರಿ ಇಶಾಡ ಮಾವಿನ ತೋಟ. ಸಿಪ್ಪೆ ತೆಳು, ಘಮ ಬಹಳ, ಹಣ್ಣಾದ ಮೇಲೆ ತಾಳುವುದಿಲ್ಲ. ಬೇಸಿಗೆಯಲ್ಲಿ ತವರಿಗೆ ಬಂದವಳು, ಹಣ್ಣನ್ನು ದೂರದೂರಿಗೆ ಮಾರಲು ವೆಬ್‌ಸೈಟ್ ಮಾಡಿಕೊಡಬಹುದೇ ಎಂದು ಸಂಕೋಚದಿಂದ ಕೇಳಿದಳು. ಕೆಲಸ ಎಂದು ಒಬ್ಬರು ನನ್ನನ್ನು ಕೇಳಿ ಎಷ್ಟು ಕಾಲವಾಗಿತ್ತೋ! ಒಂದೊಂದು ಸಾಲನ್ನೂ ನಾನೇ ಬರೆದೆ. ಹಣ್ಣಿನ ಬಣ್ಣ ಸರಿಹೊಂದಿಸುವುದರಲ್ಲೇ ದಿನಗಳು ಕಳೆದವು. ಸುಮನಾ ಫೋನಿನಲ್ಲಿ, ‘ನಿಧಾನಕ್ಕೆ ಮಾಡಿ ಸರ್, ಅಡ್ಡಿಲ್ಲ’ ಎನ್ನುತ್ತಿದ್ದಳು.

ಮುಗಿದ ದಿನ ತೋರಿಸಲೆಂದು ಲ್ಯಾಪ್‌ಟಾಪ್ ಹಿಡಿದು ಅಂಕೋಲಾ ಬಸ್ಸು ಹತ್ತಿದೆ. ಶೆಟಗೇರಿಯಲ್ಲಿ ಅವಳ ಜಗಲಿ ತುಂಬ ರಟ್ಟಿನ ಪೆಟ್ಟಿಗೆಗಳು. ಹುಬ್ಬಳ್ಳಿ, ಬೆಳಗಾವಿ, ಪುಣೆ ಎಂದು ವಿಳಾಸ ಬರೆದಿತ್ತು. ಇಷ್ಟೊಂದು ಗಿರಾಕಿಗಳು ಎಲ್ಲಿಂದ ಬಂದರೆಂದು ಕೇಳಿದೆ. ಅವಳು ನೆಲ ನೋಡಿದಳು.

‘ಫೋನಿಗೆ ಬಾಯಲ್ಲೇ ಹೇಳ್ದೆ ಸರ್, ಅದೇ ಒಂದು ವೆಬ್‌ಸೈಟ್ ಮಾಡಿ ಕೊಡ್ತು. ಒಂದೇ ಸಂಜೆಲಿ ಆಯ್ತು. ನಿಮಗೆ ಹೇಳುಕೆ ಬಾಯಿ ಬರ್ಲಿಲ್ಲ. ಹಣ್ಣು ಕಾಯುದಿಲ್ಲ ಅಲ್ಲಾ?’

ಅವಳ ಫೋನು ಇಸಿದುಕೊಂಡು ತಪ್ಪು ಹುಡುಕಿದೆ. ಬಣ್ಣ ಸ್ವಲ್ಪ ಢಾಳಾಗಿತ್ತು, ಅಷ್ಟೇ. ಅವಳು ಮೋಸ ಮಾಡಿದ್ದರೆ ಸಿಟ್ಟಾದರೂ ಬರುತ್ತಿತ್ತು. ಅವಳು ನನ್ನ ಮರ್ಯಾದೆ ಕಾದಿದ್ದಳು, ಬಹುಶಃ ಶಾಂತಾಬಾಯಿಗೂ ಎಲ್ಲ ಗೊತ್ತಿತ್ತು. ಲ್ಯಾಪ್‌ಟಾಪನ್ನು ಚೀಲದಿಂದ ತೆಗೆಯಲೇ ಇಲ್ಲ. ಹಿಂತಿರುಗುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಸುಮ್ಮನೆ ಕೂರಲಾಗದೆ ಪೆಟ್ಟಿಗೆಗಳಿಗೆ ಒಣಹುಲ್ಲು ಹಾಸಿ ಹಣ್ಣು ಜೋಡಿಸತೊಡಗಿದೆ.

ಅವಳ ಫೋನು ಬಡಿದುಕೊಳ್ಳುತ್ತಲೇ ಇತ್ತು. ಒಂದು ಕರೆ ಬಂದಾಗ, ಬಯಲುಸೀಮೆಯವರ ಮಾತು ತನಗೆ ಬೇಗ ತಿಳಿಯುವುದಿಲ್ಲ ಎಂದು ನನ್ನ ಕೈಗೆ ಕೊಟ್ಟಳು. ಆ ಕಡೆಯವರು ವಿಜಯಪುರದವರು. ಹಣ್ಣು ಎಷ್ಟು ದಿನ ಇರತಾವ, ಹುಳಿ ಇಲ್ಲ ಹೌದಲ್ಲೊ ಎಂದು ವಿಚಾರಿಸಿದರು. ನನಗೆ ಅರಿವಿಲ್ಲದೆ ಬಾಯಿ ಊರಿನ ಮಾತಿಗೆ ಹೊರಳಿತ್ತು. ಅವರಿಗೆ ಖುಷಿಯಾಯಿತು.

‘ನಿಮ್ಮ ಮಾತು ನಮ್ಮ ಕಡೀದ ಐತಲ್ರೀ. ಯಾವೂರು ನಿಮ್ದು?’

ವಿಜಯಪುರ ಎಂದರೆ ಯಾವ ಓಣಿ ಎನ್ನುತ್ತಾರೆ, ಯಾರ ಮಗ ಎನ್ನುತ್ತಾರೆ, ಅಲ್ಲೇನು ಮಾಡುತ್ತಿದ್ದೀರಿ ಎನ್ನುತ್ತಾರೆ.

‘ಇಲ್ಲೇರಿ, ಅಂಕೋಲಾ’ ಎಂದೆ.

ವಿಳಾಸ ಬರೆಯುತ್ತಿದ್ದ ಸುಮನಾ ತಲೆಯೆತ್ತಿ ನೋಡಿದಳು. ಮತ್ತೆ ಮುಂದಿನ ಪೆಟ್ಟಿಗೆ ಎಳೆದುಕೊಂಡಳು. ಈ ನೆಲವನ್ನು ನನ್ನದೆಂದು ನಾನು ಹೇಳಿಕೊಂಡದ್ದು ಅದೇ ಮೊದಲು. ಹೇಳಿಕೊಂಡದ್ದು ಊರವರಿಂದ ಮುಖ ಮರೆಸಿಕೊಳ್ಳಲು.