ತಡ ಮಾಡುವ ಹಬ್

ಏನನ್ನಾದರೂ ಅಳೆಯದೆ ಬಿಡಲು ನನಗೆ ಬರುವುದಿಲ್ಲ. ಕೊಟ್ಟೂರಿನಿಂದ ಹಡಗಲಿಗೆ ಹೋಗುವ ಬಸ್ಸು ಎಷ್ಟು ತಡವಾಯಿತೆಂಬುದಕ್ಕೂ ನನ್ನ ಡೈರಿಯಲ್ಲಿ ತಾರೀಖಿನ ಸಮೇತ ಜಾಗವಿದೆ. ಮನೆಗೆ ಹಳೆಯ ಲ್ಯಾಪ್‌ಟಾಪ್ ಬಂದ ಮೇಲೆ ಯುಎಸ್‌ಬಿ ಹಬ್‌ಗಳ ಸರದಿ.

ಹಬ್ ಎಂದರೆ ಒಂದು ತೂತನ್ನು ನಾಲ್ಕು ಮಾಡುವ ಪುಟ್ಟ ಡಬ್ಬಿ. ನೋಡಲು ಎಲ್ಲವೂ ಒಂದೇ. ಆದರೆ ಹೊಸಪೇಟೆಯಲ್ಲಿ ಕೊಂಡದ್ದು ಓಡುತ್ತಿತ್ತು, ಹರಪನಹಳ್ಳಿಯಲ್ಲಿ ಕೊಂಡದ್ದು ತೆವಳುತ್ತಿತ್ತು. ಎರಡನೆಯದು ಹಳೆಯ ತಲೆಮಾರಿನದು. ಈ ಕಡೆ ಲ್ಯಾಪ್‌ಟಾಪ್, ಆ ಕಡೆ ಹಾರ್ಡ್ ಡಿಸ್ಕ್ ಎಷ್ಟೇ ಚುರುಕಿದ್ದರೂ ನಡುವೆ ನಿಧಾನದವನೊಬ್ಬ ನಿಂತರೆ ಎಲ್ಲರದೂ ಅವನದೇ ನಡಿಗೆ. ಓಡುವ ಹಬ್ ಕೂಡ ನಾಲ್ಕೂ ಬಾಯಿಗೆ ಒಟ್ಟಿಗೆ ಕೆಲಸ ಕೊಟ್ಟರೆ ಸೊರಗುತ್ತದೆ: ನಮ್ಮ ಓಣಿಯಲ್ಲಿ ಪಕ್ಕದ ಮನೆಯವರು ನಲ್ಲಿ ಬಿಟ್ಟೊಡನೆ ನಮ್ಮದು ದಾರವಾಗುವ ಹಾಗೆ.

ನಾಗರ ಪಂಚಮಿಗೆ ಬಂದಿದ್ದ ಅಕ್ಕ ಗುರುವಾರ ಸಂಜೆಯ ಕೊನೆಯ ಬಸ್ಸಿಗೆ ಹಡಗಲಿಯ ಗಂಡನ ಮನೆಗೆ ಹೊರಡಬೇಕಿತ್ತು. ಅವ್ವ ಜೋಕಾಲಿ ಆಡಿದ ವಿಡಿಯೋ ಅವಳಿಗೆ ಬೇಕಿತ್ತು. ಕೈಗೆ ಸಿಕ್ಕ ತೆವಳುವ ಹಬ್‌ಗೇ ಅವಳ ಹಾರ್ಡ್ ಡಿಸ್ಕ್ ಸಿಕ್ಕಿಸಿದೆ. ಇನ್ನೂ ಒಂದು ತಾಸು ಬೇಕೆಂದು ಪರದೆ ತೋರಿಸಿತು.

"ಹಂಗಾರ ಬಸ್ಸು ಸಿಗಂಗಿಲ್ಲ ಬಿಡು," ಎಂದು ಅಕ್ಕ ಕಂಬಕ್ಕೊರಗಿ ಕೂತಳು.

"ನಾಳೆ ಶುಕ್ರವಾರ, ಮಗಳನ್ನ ಕಳಸಬಾರ್ದು," ಎಂದಳು ಅವ್ವ ಒಲೆಯ ಮುಂದಿನಿಂದ. "ಶನಿವಾರ ಹೋಗ್ತಾಳ." ಆಗಲೇ ರೊಟ್ಟಿಗೆ ಇನ್ನಷ್ಟು ಹಿಟ್ಟು ಬಿದ್ದಿತ್ತು.

ನಾನು ಸುಮ್ಮನಿದ್ದರೆ ಸಾಕಿತ್ತು. ಡಿಸ್ಕನ್ನು ಕಿತ್ತು ಲ್ಯಾಪ್‌ಟಾಪಿಗೇ ನೇರ ಸಿಕ್ಕಿಸಿದೆ.

"ಮೂರೇ ನಿಮಿಷ, ಅಕ್ಕಾ! ಬಸ್ಸು ಸಿಗ್ತೈತಿ!"

ಯಾರೂ ಹೊಗಳಲಿಲ್ಲ.

"ನಿನಗ್ಯಾರಲೇ ಅವಸರ ಮಾಡು ಅಂದ್ರು?" ಎಂದಳು ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ.

"ಇವಗ ಲೆಕ್ಕ ತಿಳಿತೈತಿ, ಮನುಷ್ಯರು ತಿಳಿಯಂಗಿಲ್ಲ," ಎಂದು ಅವ್ವ ಗೊಣಗಿದಳು.

ಬಸ್ಸು ತಪ್ಪಿತೆಂದು ಹೇಳಿದರೆ ಅಕ್ಕನ ಅತ್ತೆಮನೆಯಲ್ಲಿ ಯಾರೂ ಏನೂ ಕೇಳುವುದಿಲ್ಲ. ತವರಿನಲ್ಲಿ ಇನ್ನೆರಡು ದಿನ ಇರಬೇಕೆನಿಸಿತೆಂದರೆ ಎಲ್ಲರೂ ಕೇಳುತ್ತಾರೆ. ಇದು ನನಗೆ ಹೊಳೆದದ್ದು ಅವಳ ಚೀಲ ಹೊತ್ತು ನಿಲ್ದಾಣದಲ್ಲಿ ನಿಂತಾಗ. ನನ್ನ ಡೈರಿಯ ಮಟ್ಟಿಗೆ ಆ ಬಸ್ಸು ಸಮಯಕ್ಕೆ ಸರಿಯಾಗಿ ಬಂದದ್ದು ಅವತ್ತೊಂದೇ ದಿನ.

ಮನೆಗೆ ಬಂದಾಗ ಹೆಚ್ಚಾಗಿ ಉಳಿದದ್ದು ಒಂದು ರೊಟ್ಟಿಯಲ್ಲ, ಒಂದು ಬುಟ್ಟಿ ರೊಟ್ಟಿ.

ಈಗ ಗೆಳೆಯರು ಯಾವ ಹಬ್ ಕೊಳ್ಳಲಿ ಎಂದು ಕೇಳಿದರೆ, ವೇಗ ನೋಡಿ ತಗೋ ಎನ್ನುತ್ತೇನೆ. ಆಮೇಲೆ ನಾಲಗೆಯ ತುದಿಗೆ ಬಂದ ಇನ್ನೊಂದು ಪ್ರಶ್ನೆಯನ್ನು ನುಂಗಿಕೊಳ್ಳುತ್ತೇನೆ: ಮನೆಯಲ್ಲಿ ಯಾರಾದರೂ ಹೊರಡುವವರಿದ್ದಾರೇನು?