ಹಣೆಯವರೆಗೆ ಏರಿದ ಕೈ

ದೋಹಾದ ಮದೀನತ್ ಖಲೀಫಾ ಬಡಾವಣೆಯ ಒಂದು ಹಳೆಯ ವಿಲ್ಲಾಕ್ಕೆ ಅಡ್ಡಗೋಡೆ ಹಾಕಿ ನಾಲ್ಕು ಮನೆ ಮಾಡಿದ್ದಾರೆ. ಅದರ ಮುಂದಿನ ಹಾಲ್ ನಮ್ಮ ಪಾಲಿಗೆ ಬಂದಿದೆ. ನಮಗಿಂತ ಮೊದಲು ಅಲ್ಲಿ ಯಾರೋ ಮಕ್ಕಳಿಗೆ ಡ್ಯಾನ್ಸ್ ಕಲಿಸುತ್ತಿದ್ದರಂತೆ. ಒಂದು ಗೋಡೆಯ ತುಂಬ ಕನ್ನಡಿ ಇದೆ. ಅದನ್ನು ತೆಗೆಯಲು ಮಾಲೀಕರು ಒಪ್ಪಲಿಲ್ಲ. ಹಾಗಾಗಿ ಶುಕ್ರವಾರ ಬೆಳಿಗ್ಗೆ ಹೆಂಗಸರು ನನ್ನ ಕ್ಲಾಸಿಗೆ ಬರುವ ಮೊದಲೇ ನಾನು ಕನ್ನಡಿಯ ಮೇಲೆ ಬೆಡ್‌ಶೀಟ್ ಇಳಿಬಿಡುತ್ತೇನೆ.

ಮಂಗಳೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ವರ್ಷಗಟ್ಟಲೆ ಕೂತು ನನ್ನ ಬೆನ್ನು ಹಾಳಾದಾಗ ಈ ವಿದ್ಯೆ ಕಲಿತೆ. ಗಂಡನ ಕೆಲಸದಿಂದಾಗಿ ದೋಹಾಕ್ಕೆ ಬಂದ ಮೇಲೆ ಅದನ್ನೇ ಕಲಿಸತೊಡಗಿದೆ. ನಿಧಾನವಾಗಿ ಕೈಕಾಲು ಚಲಿಸುವುದು, ಉಸಿರನ್ನು ಗಮನಿಸುವುದು, ಮೈ ಎಲ್ಲಿ ಬಿಗಿದಿದೆ ಎಂದು ಕೇಳಿಸಿಕೊಳ್ಳುವುದು. ತೂಕ ನೋಡುವ ಯಂತ್ರ ಇಟ್ಟಿಲ್ಲ. ಇರುವ ಮೈಯ ಜೊತೆ ಸ್ವಲ್ಪ ಹೊತ್ತು ಸಂತೋಷವಾಗಿರಲು ಕಲಿಯುವುದಷ್ಟೇ ಪಾಠ.

ನಿಯಮಗಳು ಎರಡೇ. ಮೊಬೈಲ್ ಬಾಗಿಲ ಬಳಿಯ ಬೆತ್ತದ ಬುಟ್ಟಿಗೆ ಹೋಗಬೇಕು. ಇನ್ನೊಬ್ಬರ ಮೈಯ ಬಗ್ಗೆ ಮಾತಾಡಬಾರದು. ಎರಡನೆಯದು ನಮ್ಮವರಿಗೆ ಬಹಳ ಕಷ್ಟ. ರಜೆ ಮುಗಿಸಿ ಊರಿಂದ ಬಂದವರನ್ನು ನಾವು ಮಾತಾಡಿಸುವುದೇ "ಎಂತ, ದಪ್ಪ ಆಗಿದ್ದೀರಿ" ಎಂದೋ "ಎಂತ ಇಷ್ಟು ಸೊರಗಿದ್ದು, ಶುಗರ್ ಉಂಟಾ?" ಎಂದೋ. ಅದು ನಮ್ಮ ಪ್ರೀತಿ. ಹಾಲಿನೊಳಗೆ ಹಾಗೆ ಅಂದವರು ಮೂಲೆಯ ಕೆಫೆಟೀರಿಯಾದಿಂದ ಎಲ್ಲರಿಗೂ ಕರಕ್ ಚಹಾ ತರಿಸಬೇಕು. ಹೆಚ್ಚಾಗಿ ತರಿಸುತ್ತಿದ್ದವರು ವಿಜಯಪುರ ಕಡೆಯ ಹೆಂಗಸು. ಗಂಡನಿಗೆ ಗ್ಯಾಸ್ ಪ್ಲಾಂಟಿನಲ್ಲಿ ಕೆಲಸ. "ನನ್ನ ಬಾಯಿ ಸುಮ್ನ ಇರಂಗಿಲ್ರಿ, ತಗೋರಿ, ಕುಡೀರಿ" ಎಂದು ತಾವೇ ಬಗ್ಗಿಸಿ ಕೊಡುತ್ತಿದ್ದರು.

ಅವರೇ ಒಂದು ಶುಕ್ರವಾರ ಬಿನ್ ಮಹಮೂದ್ ಬಡಾವಣೆಯಲ್ಲಿ ತಾವಿರುವ ಕಟ್ಟಡದ ನೆರೆಯವರನ್ನು ಕರೆತಂದರು. ನಮ್ಮ ಕರಾವಳಿಯ ಬ್ಯಾರಿ ಹೆಂಗಸು. ಗಂಡನಿಗೆ ಅಲ್ ರಯ್ಯಾನ್‌ನಲ್ಲಿ ಬಟ್ಟೆ ಅಂಗಡಿ. ಬಾಗಿಲಲ್ಲೇ ನಿಂತು ಹೇಳಿದರು:

"ನೀವು ಟೀಚರಾ? ನಾನಾಗಿ ಬಂದದ್ದಲ್ಲ, ಇವರು ಎಳ್ಕೊಂಡು ಬಂದದ್ದು. ಕುಣಿಸ್ತೀರಿ ಅಂತ ಆದ್ರೆ ಈಗಲೇ ಹೇಳಿ, ಹೋಗ್ತೇನೆ."

ಕ್ಯಾನ್ಸರಿನಿಂದಾಗಿ ಅವರ ಎಡಸ್ತನ ತೆಗೆದಿದ್ದರು. ದುಪಟ್ಟಾವನ್ನು ಎಡಗಡೆ ದಪ್ಪ ಮಡಿಕೆ ಮಾಡಿ ಹೊದೆಯುತ್ತಿದ್ದರು. ಒಳಗೆ ತಾವೇ ಹೊಲಿದ ಹತ್ತಿಯ ಉಂಡೆ. ಎಡಗೈ ಸೊಂಟದಿಂದ ಮೇಲೆ ಬರುತ್ತಿರಲಿಲ್ಲ. ಗೋಡೆಯ ಮೇಲೆ ಬೆರಳುಗಳನ್ನು ಮೇಲೆ ಮೇಲೆ ನಡೆಸುವ ವ್ಯಾಯಾಮವನ್ನು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರಂತೆ. ಮನೆಯಲ್ಲಿ ಖಾಲಿ ಗೋಡೆ ಇದ್ದದ್ದು ಡ್ರೆಸ್ಸಿಂಗ್ ಟೇಬಲಿನ ಪಕ್ಕ ಮಾತ್ರ. ಅಲ್ಲಿ ಕೈ ಎತ್ತಿದರೆ ಕನ್ನಡಿಯಲ್ಲಿ ಆ ಕಡೆ ಕಾಣುತ್ತದೆ. ಬಿಟ್ಟುಬಿಟ್ಟರು.

ಕ್ಲಾಸ್ ಮುಗಿದು ಉಳಿದವರು ಹೋದ ಮೇಲೆ ತಮಗೆ ಏನು ಬೇಕೆಂದು ಹೇಳಿದರು.

"ಮಗಳ ಮದುವೆ ಉಂಟು ಟೀಚರ್, ಪೆರ್ನಾಲ್ ಹಬ್ಬ ಕಳೆದ ಮೇಲೆ. ಮದರಂಗಿ ದಿನ ಹೆಂಗಸರು ಸುತ್ತು ಹಾಕಿ ಕೈ ತಟ್ಟಿ ಹಾಡುದು ಉಂಟಲ್ಲ? ಮದುಮಗಳ ತಾಯಿ ಕುರ್ಚಿಯಲ್ಲಿ ಕೂತ್ರೆ ಎಂತ ಚಂದ? ನನಗೆ ಒಂದು ಸುತ್ತು ಸಾಕು. ಆದ್ರೆ ಎರಡೂ ಕೈ ಬೇಕು."

"ಡಾಕ್ಟರ ಹತ್ತಿರ ಕೇಳಿಕೊಂಡು ಬನ್ನಿ. ಎಷ್ಟು ಮೇಲೆ ಹೋಗ್ತದೆ ಅಂತ ನಾನು ಮಾತು ಕೊಡುವುದಿಲ್ಲ."

"ಮಾತು ಕೊಟ್ಟಿದ್ರೆ ನಾನು ನಂಬ್ತಾ ಇರ್ಲಿಲ್ಲ" ಅಂದರು.

ಡಾಕ್ಟರು ಒಪ್ಪಿದರು. ಬೆನ್ನ ಮೇಲೆ ಮಲಗಿಸಿ, ತೋಳಿನ ಕೆಳಗೆ ದಿಂಬು ಕೊಟ್ಟು, ನೋವು ಶುರುವಾಗುವಲ್ಲಿ ನಿಲ್ಲಿಸಿ ಅಲ್ಲೇ ಉಸಿರಾಡಲು ಹೇಳುತ್ತಿದ್ದೆ. "ಎಂತ ಟೀಚರ್ ನೀವು, ಕಸರತ್ತು ಕಲಿಸಿ ಅಂದ್ರೆ ನಿದ್ರೆ ಕಲಿಸ್ತೀರಿ" ಎಂದು ಹಾಸ್ಯ ಮಾಡುತ್ತಿದ್ದರು. ಕ್ಲಾಸಿನವರೆಲ್ಲ ಸಮುದ್ರದಂಡೆಗೆ ಹೋದಾಗ ಬೇರೆಯವರ ಮೊಬೈಲ್ ಇಸಿದುಕೊಂಡು "ನೀವೆಲ್ಲ ನಿಲ್ಲಿ, ನಾನು ತೆಗೀತೇನೆ" ಅನ್ನುತ್ತಿದ್ದರು. ಫೋಟೋ ತೆಗೆಯುವವರು ಫೋಟೋದಲ್ಲಿ ಇರಬೇಕಾಗಿಲ್ಲ. ಅದು ನನಗೆ ಹೊಳೆದದ್ದು ಬಹಳ ತಡವಾಗಿ.

ಮೈಯಲ್ಲಿ ಬಹಳ ದಿನಗಳಿಂದ ಮುಟ್ಟದ ಜಾಗದ ಮೇಲೆ ಅಂಗೈ ಇಡಿ ಎಂದು ಒಂದು ಶುಕ್ರವಾರ ಎಲ್ಲರಿಗೂ ಹೇಳಿದೆ. ಯಾರೋ ಹೊಟ್ಟೆಯ ಮೇಲೆ ಇಟ್ಟರು, ಯಾರೋ ಮೊಣಕಾಲಿನ ಮೇಲೆ. ಅವರು ಕಣ್ಣು ಮುಚ್ಚಿಯೇ ಬಲ ಅಂಗೈಯನ್ನು ಎಡ ಎದೆಯ ಮೇಲೆ ಇಟ್ಟರು. ನಾನು ಸಾಕು ಅಂದ ಮೇಲೂ ತೆಗೆಯಲಿಲ್ಲ. ಕಣ್ಣಂಚಿನ ನೀರು ಕಿವಿಯ ಕಡೆಗೆ ಇಳಿಯಿತು. ಎದ್ದು ಕೂತ ಮೇಲೆ ಹೇಳಿದ್ದು ಒಂದೇ ಮಾತು:

"ಇದು ಸಹ ಬೆಚ್ಚಗೆ ಉಂಟು."

ಮುಂದಿನ ವಾರ ಬಾಗಿಲಲ್ಲಿ ಮೊಬೈಲನ್ನು ಬುಟ್ಟಿಗೆ ಹಾಕಿ, ಗೋಡೆಯ ಕಡೆ ತಿರುಗಿ ಏನೋ ಮಾಡಿ, ಹತ್ತಿಯ ಉಂಡೆಯನ್ನೂ ಅದರ ಪಕ್ಕ ಇಟ್ಟರು. "ಇದಕ್ಕೂ ಇಲ್ಲಿ ಕೆಲಸ ಇಲ್ಲ."

ವಿಜಯಪುರದವರು ಬುಟ್ಟಿಯೊಳಗೆ ಬಗ್ಗಿ ನೋಡಿ, "ಅಕ್ಕಾರ, ಅದನ್ನ ಸೈಲೆಂಟಿಗೆ ಹಾಕೀರಿಲ್ಲೋ?" ಅಂದರು. ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಉಂಡೆ ಇಟ್ಟವರೇ ಎಲ್ಲರಿಗಿಂತ ಹೆಚ್ಚು ನಕ್ಕರು. "ನಿಯಮ ಮುರಿದ್ರಿ, ಯಲ್ಲಾ, ಬೇಗ ಕರಕ್ ತರಿಸಿ!"

ಮದರಂಗಿ ಕಾರ್ಯಕ್ರಮ ಅಲ್ ರಯ್ಯಾನ್‌ನ ಒಂದು ಹಾಲ್‌ನಲ್ಲಿ, ಸಂಜೆ. ಹೆಂಗಸರಿಗೆ ಮಾತ್ರ. ಇಲ್ಲಿನ ಪದ್ಧತಿಯಂತೆ ಬಾಗಿಲಲ್ಲೇ ಮೊಬೈಲ್ ಇಸಿದುಕೊಂಡು ಚೀಟಿ ಕೊಟ್ಟರು. ಫೋಟೋದ ಭಯ ಇಲ್ಲದ್ದರಿಂದ ಒಳಗೆ ಎಲ್ಲರೂ ಬುರ್ಖಾ ತೆಗೆದು ಹಗುರಾಗಿದ್ದರು. ವೇದಿಕೆಯ ಮೇಲೆ ಮದುಮಗಳು ಎರಡೂ ಅಂಗೈ ಚಾಚಿ, ತಲೆ ತಗ್ಗಿಸಿ ಕೂತಿದ್ದಳು. ಹಾಡು ಶುರುವಾಯಿತು. ಹೆಂಗಸರು ಅವಳ ಸುತ್ತ ಸುತ್ತತೊಡಗಿದರು. ಅವರ ಮಧ್ಯೆ ತಾಯಿ ಇದ್ದರು. ನಾನು ವೇದಿಕೆಗೆ ಹತ್ತಿರದ ಮೇಜಿನಲ್ಲಿದ್ದೆ. ನಡುವೆ ಯಾರೂ ಅಡ್ಡ ಇರಲಿಲ್ಲ.

ಆ ಬೇಸಿಗೆ ಕಳೆಯುವಷ್ಟರಲ್ಲಿ ಕಾಯಿಲೆ ಮರಳಿ ಬಂತು. ಈ ಸಲ ಎಲುಬಿಗೆ. ಕೆಲವು ಶುಕ್ರವಾರ ಕ್ಲಾಸಿಗೆ ಬಂದು ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ ಉಸಿರಷ್ಟೇ ಗಮನಿಸಿದರು. ಆಮೇಲೆ ಬರಲಿಲ್ಲ. ಆಸ್ಪತ್ರೆಯಲ್ಲಿ ತೀರಿಕೊಂಡರು. ಇಲ್ಲೇ ದಫನ ಮಾಡಿದರು. ಮುಂದಿನ ಶುಕ್ರವಾರ ವಿಜಯಪುರದವರು ಒಬ್ಬರೇ ಬಂದರು. ಬುಟ್ಟಿಯ ಹತ್ತಿರ ಸ್ವಲ್ಪ ಹೊತ್ತು ನಿಂತು, ಒಳಗೆ ಬರದೆ ವಾಪಸು ಹೋದರು.

ಚಳಿ ಶುರುವಾದ ಮೇಲೆ ಒಂದು ಶುಕ್ರವಾರ, ಕ್ಲಾಸ್ ಮುಗಿದು ನಾನು ಚಾಪೆ ಸುತ್ತುತ್ತಿದ್ದಾಗ ತೀರಿಕೊಂಡವರ ಮಗಳು ಬಂದಳು. ಇಲ್ಲೇ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಕನ್ನಡವನ್ನು ತಡವರಿಸಿ ಆಡುತ್ತಾಳೆ. ಹೇಳದೆಯೇ ಮೊಬೈಲನ್ನು ಬುಟ್ಟಿಗೆ ಹಾಕಿದಳು. ನಿಯಮ ತಾಯಿಯಿಂದ ತಿಳಿದಿರಬೇಕು.

"ಆಂಟಿ, ಉಮ್ಮನ ವಿಡಿಯೋ ಏನಾದ್ರೂ ಉಂಟಾ? ಕ್ಲಾಸಿಂದು?"

"ಇಲ್ಲ ಮಗಾ. ಇಲ್ಲಿ ಯಾರೂ ತೆಗೆಯುವುದಿಲ್ಲ."

"ಉಮ್ಮನ ಫೋನ್ ಫುಲ್ ನೋಡಿದೆ. ನಾವೆಲ್ಲ ಇದ್ದೇವೆ. ಅವರು ಮಾತ್ರ ಇಲ್ಲ. ಐಡಿ ಕಾರ್ಡಲ್ಲಿ ಮುಖ ಉಂಟು, ಅಷ್ಟೇ." ಆಮೇಲೆ ಕೇಳಿದಳು: "ಮದರಂಗಿ ದಿನ ಉಮ್ಮ ಡ್ಯಾನ್ಸ್ ಮಾಡಿದ್ರಲ್ಲ, ನೀವು ನೋಡಿದ್ರಾ?"

"ನೀನು ನೋಡಲಿಲ್ವಾ?"

"ಮಾಮಿ ಪಕ್ಕದಲ್ಲೇ ಕೂತಿದ್ರು, ಅಪ್ಪನ ಅಕ್ಕ. ನಾನು ಸ್ವಲ್ಪ ತಲೆ ಎತ್ತಿದ್ರೆ, 'ಮದುಮಗಳು ಕಣ್ಣು ಬಿಟ್ಟು ನೋಡುದಾ, ತಗ್ಗಿಸು ತಲೆ' ಅಂತ. ಉಮ್ಮನ ಕಾಲು ಮಾತ್ರ ನೋಡಿದ್ದು ಆಂಟಿ. ಬ್ರೌನ್ ಚಪ್ಪಲಿ. ಎರಡು ಸಲ ಪಾಸ್ ಆಯ್ತು. ಆಮೇಲೆ ನೋಡಿದ್ರೆ ಆಯ್ತು ಅಂತ ಇದ್ದೆ."

ತಾಯಿ ಕೇಳಿದ್ದು ಒಂದೇ ಸುತ್ತು. ನಾನು ಅವರ ಕೈಯನ್ನೇ ನೋಡುತ್ತ ಸುತ್ತು ಎಣಿಸಿರಲಿಲ್ಲ. ಎರಡು ಹಾಕಿದ್ದರೆಂಬುದು ನೆಲ ನೋಡುತ್ತ ಕೂತಿದ್ದ ಮಗಳಿಂದಲೇ ನನಗೆ ತಿಳಿಯಿತು.

"ಒಬ್ಬರು ಹೇಳ್ತಾರೆ, ಉಮ್ಮ ಕೈ ಫುಲ್ ಮೇಲೆ ಮಾಡಿದ್ರು, ಸಣ್ಣ ಹುಡುಗಿ ಹಾಗೆ ಅಂತ. ಇನ್ನೊಬ್ಬರು ಹೇಳ್ತಾರೆ, ಕೈ ಎತ್ತಲೇ ಇಲ್ಲ ಪಾಪ ಅಂತ. ನನಗೆ ಕರೆಕ್ಟ್ ಗೊತ್ತಾಗಬೇಕು. ಟೀಚರ್ ಪೇಪರಿನವರು, ಇದ್ದದ್ದು ಇದ್ದ ಹಾಗೆ ಹೇಳ್ತಾರೆ ಅಂತ ಉಮ್ಮ ಹೇಳ್ತಾ ಇದ್ರು."

ದುಃಖದಲ್ಲಿರುವವರಿಗೆ ಸ್ವಲ್ಪ ಹೆಚ್ಚು ಸೇರಿಸಿ ಹೇಳಿದರೆ ಯಾರೂ ತಪ್ಪು ಎಣಿಸುವುದಿಲ್ಲ. ಆದರೆ ಅವಳು ಕೇಳಿದ್ದು ಅದನ್ನಲ್ಲ.

"ಪೂರ್ತಿ ಮೇಲೆ ಹೋಗಲಿಲ್ಲ" ಅಂದೆ. "ಉಳಿದವರು ಕೈಗಳನ್ನು ತಲೆಗಿಂತ ಮೇಲೆತ್ತಿ ತಟ್ಟುತ್ತಿದ್ದರು. ನಿನ್ನ ಉಮ್ಮನ ಎಡಗೈ ಹಣೆಯವರೆಗೆ ಬಂತು. ಬಲಗೈ ಮೇಲಿಂದ ಇಳಿದು ಬಂದು ಅದನ್ನು ಸೇರುತ್ತಿತ್ತು. ತಾಳ ತಪ್ಪಲಿಲ್ಲ. ಒಮ್ಮೆ ದುಪಟ್ಟಾ ಎಡಗಡೆಯಿಂದ ಪೂರ್ತಿ ಜಾರಿತು. ಒಳಗೆ ಹತ್ತಿ ಇಟ್ಟಿರಲಿಲ್ಲ. ಸರಿ ಮಾಡಿಕೊಳ್ಳಲೂ ಇಲ್ಲ."

ಅವಳು ಚಾಪೆಯ ಮೇಲೆ ನಿಂತು ಎರಡೂ ಕೈ ಎತ್ತಿದಳು.

"ಇಷ್ಟು?"

"ಸ್ವಲ್ಪ ಕೆಳಗೆ." ಅವಳ ಎಡ ಮಣಿಕಟ್ಟು ಹಿಡಿದು ಹಣೆಯವರೆಗೆ ಇಳಿಸಿದೆ. "ಇಲ್ಲಿ."

ಅವಳು ಹಾಗೇ ನಿಂತು, ಬೆಡ್‌ಶೀಟ್ ಹೊದ್ದ ಗೋಡೆಯನ್ನು ನೋಡಿದಳು. "ಅದರ ಹಿಂದೆ ಕನ್ನಡಿ ಅಲ್ವಾ ಆಂಟಿ? ಒಮ್ಮೆ ತೆಗೀತೀರಾ? ಎಲ್ಲರೂ ನಾನು ಉಮ್ಮನ ಹಾಗೇ ಅಂತ ಹೇಳ್ತಾರೆ."

ಆ ಹಾಲ್‌ನಲ್ಲಿ ಯಾರಿಗೂ ನಾನು ಕನ್ನಡಿ ತೆರೆದು ತೋರಿಸಿದ್ದಿಲ್ಲ. ಬೆಡ್‌ಶೀಟಿನ ತುದಿ ಹಿಡಿದು ಪಕ್ಕಕ್ಕೆ ಸರಿಸಿದೆ.

ಅವಳು ತಲೆ ಎತ್ತಿ ನೋಡಿದಳು. ಬಲಗೈಯನ್ನು ಇಳಿಸಿ ತಂದು, ಹಣೆಯ ಮುಂದೆ ಮೆಲ್ಲಗೆ ಒಮ್ಮೆ ತಟ್ಟಿದಳು. ಇನ್ನೊಮ್ಮೆ ತಟ್ಟಿದಳು.

"ಆಗ ಉಮ್ಮ ನಗ್ತಾ ಇದ್ರಾ?"

"ಹೌದು. ಹಲ್ಲು ಕಾಣುವ ಹಾಗೆ."

ಕನ್ನಡಿಯನ್ನೇ ನೋಡುತ್ತ ಅವಳೂ ನಗಲು ನೋಡಿದಳು. ತುಟಿ ಬಿಚ್ಚಿತು, ನಗು ಬರಲಿಲ್ಲ. ಆದರೂ ಎಡಗೈಯನ್ನು ಹಣೆಯ ಮಟ್ಟದಿಂದ ಇಳಿಸಲಿಲ್ಲ. ಅದು ಸೋತು ತಾನಾಗಿ ಇಳಿಯುವವರೆಗೂ ನಾನು ಬೆಡ್‌ಶೀಟ್ ಹಿಡಿದುಕೊಂಡೇ ನಿಂತಿದ್ದೆ.